ಗಾಳಿ ತಾಗುವ ಮೊದಲೇ ಒಡೆಯುವ ವಿಶ್ವಧೂಳು: ವಿದ್ಯುದಾವೇಶದ ವಾದಕ್ಕೆ ಎಷ್ಟು ಬಲವಿದೆ?

ಬಸವನಗುಡಿ ಬಾನಾಡಿ:

ಉಲ್ಕೆಯ ಕಣ ವಾತಾವರಣಕ್ಕೆ ನುಗ್ಗಿ, ಕಾದು, ಚೂರಾಗಿ, ಉರಿದುಹೋಗುವ ಸಂಗತಿ ನಮಗೆಲ್ಲ ಶಾಲೆಯ ದಿನಗಳಿಂದಲೂ ಗೊತ್ತು. ನನ್ನ ಪ್ರಶ್ನೆ ಅದಕ್ಕೂ ಹಿಂದಿನ ಹಂತಕ್ಕೆ ಸೇರಿದ್ದು.

1972ರಲ್ಲಿ ಯುರೋಪಿನವರು ಹಾರಿಸಿದ ಹಿಯೋಸ್-2 ಉಪಗ್ರಹದಲ್ಲಿ, ಧೂಳಿನ ಹೊಡೆತಗಳನ್ನು ಒಂದೊಂದಾಗಿ ದಾಖಲಿಸುವ ಉಪಕರಣವಿತ್ತು. ಆ ಉಪಗ್ರಹದ ಕಕ್ಷೆ ಬಹಳ ನೀಳವಾದದ್ದು. ಭೂಮಿಯಿಂದ ಎರಡು ಲಕ್ಷ ಕಿ.ಮೀ.ಗೂ ಆಚೆ ಹೋಗಿ ಮತ್ತೆ ಹತ್ತಿರಕ್ಕೆ ಬರುತ್ತಿತ್ತು. ದೂರದಲ್ಲಿದ್ದಾಗ ಹೊಡೆತಗಳು ಅಪರೂಪ. ಆದರೆ ಭೂಮಿಯ ತ್ರಿಜ್ಯದ ಹತ್ತರಷ್ಟು ದೂರದೊಳಗೆ, ಅಂದರೆ ಸುಮಾರು 64,000 ಕಿ.ಮೀ. ಒಳಗೆ ಬಂದಾಗ, ಅವು ಕೆಲವೊಮ್ಮೆ ಹಿಂಡುಹಿಂಡಾಗಿ ಬಿದ್ದವು. ಹ್ಯೂಗೋ ಫೆಕ್ಟಿಗ್ ಮತ್ತು ಕರ್ಟಿಸ್ ಹೆಮೆನ್‌ವೇ 1976ರಲ್ಲಿ, ಆಮೇಲೆ ಫೆಕ್ಟಿಗ್, ಗ್ರ್ಯೂನ್ ಮತ್ತು ಮಾರ್ಫಿಲ್ 1979ರಲ್ಲಿ, ದೊಡ್ಡ ಕಣಗಳು ಭೂಮಿಯ ಸಮೀಪಕ್ಕೆ ಬಂದ ಮೇಲೆ ಒಡೆಯುವುದೇ ಇಂಥ ಹಿಂಡುಗಳಿಗೆ ಕಾರಣವೆಂದು ವಾದಿಸಿದರು. ಒಡೆಯುವುದಕ್ಕೆ ಅವರು ಕೊಟ್ಟ ಕಾರಣ ವಿದ್ಯುದಾವೇಶ.

ಅಷ್ಟು ಎತ್ತರದಲ್ಲಿ ಗಾಳಿಯೆಂಬುದೇ ಇಲ್ಲ. ಅಲ್ಲಿ ಬರೀ ವಿದ್ಯುದಾವೇಶದಿಂದ ಕಣವೊಂದು ಸಿಡಿಯಬಲ್ಲದೇ? ಈ ವಾದ ಈಗಲೂ ನಿಲ್ಲುತ್ತದೆಯೇ? ಬಲ್ಲವರು ಲೆಕ್ಕದ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಮಲ್ಲೇಶ್ವರದ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಪದವಿ ತರಗತಿಯ ಸ್ಥಾಯೀ ವಿದ್ಯುತ್ತಿನ ಪಾಠದಲ್ಲೇ ಇದರ ಅರ್ಧ ಉತ್ತರವಿದೆ.

ಬಾಹ್ಯಾಕಾಶದಲ್ಲಿರುವ ಯಾವ ಕಣವೂ ವಿದ್ಯುತ್ ತಟಸ್ಥವಾಗಿ ಉಳಿಯುವುದಿಲ್ಲ. ಸೂರ್ಯನ ನೇರಳಾತೀತ ಕಿರಣ ಬಿದ್ದಾಗ ಕಣದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ, ಕಣ ಧನಾವೇಶ ಪಡೆಯುತ್ತದೆ. ಭೂಮಿಯಷ್ಟು ದೂರದಲ್ಲಿ, ಗ್ರಹಗಳ ನಡುವಿನ ಅವಕಾಶದಲ್ಲಿ ಅದರ ವಿಭವ ಸುಮಾರು 5 ವೋಲ್ಟ್. ಕ್ಯಾಸಿನಿ ನೌಕೆ ಶನಿಗ್ರಹಕ್ಕೆ ಹೋಗುವ ದಾರಿಯಲ್ಲಿ ಕಣಗಳ ಆವೇಶವನ್ನು ನೇರವಾಗಿ ಅಳೆದಾಗಲೂ ಸಿಕ್ಕಿದ್ದು ಇದೇ ಮೌಲ್ಯ. ಆದರೆ ಭೂಮಿಯ ಕಾಂತಗೋಳದೊಳಗೆ, ಅಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ವಲಯದೊಳಗೆ, ಬಿಸಿ ಎಲೆಕ್ಟ್ರಾನುಗಳಿರುವ ಪ್ರದೇಶಗಳಿವೆ. ಧ್ರುವಪ್ರಭೆಯನ್ನು ಬೆಳಗಿಸುವ ಎಲೆಕ್ಟ್ರಾನುಗಳ ಚೈತನ್ಯ ಸಾವಿರಾರು ಎಲೆಕ್ಟ್ರಾನ್ ವೋಲ್ಟ್‌ಗಳಷ್ಟಿರುತ್ತದೆ. ಅಂಥ ಸುರಿಮಳೆಯಲ್ಲಿ ಸಿಕ್ಕ ಕಣ ಋಣಾವೇಶ ಪಡೆದು, ಅದರ ವಿಭವ ನೂರಾರು ಅಥವಾ ಸಾವಿರಾರು ವೋಲ್ಟ್‌ಗಳಿಗೆ ಹೋಗಬಹುದು.

ಆವೇಶವುಳ್ಳ ಗೋಳದ ಮೇಲ್ಮೈಯನ್ನು ಅದರದೇ ವಿದ್ಯುತ್ ಕ್ಷೇತ್ರ ಹೊರಕ್ಕೆ ಎಳೆಯುತ್ತದೆ. ಪ್ರತಿ ಚದರ ಮೀಟರಿನ ಮೇಲಿನ ಆ ಎಳೆತವು ಕ್ಷೇತ್ರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಕ್ಷೇತ್ರವೆಂದರೆ ವಿಭವವನ್ನು ತ್ರಿಜ್ಯದಿಂದ ಭಾಗಿಸಿದ್ದು. 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ತ್ರಿಜ್ಯದ ಕಣ 1,000 ವೋಲ್ಟ್ ವಿಭವದಲ್ಲಿದ್ದರೆ ಕ್ಷೇತ್ರ ಮೀಟರಿಗೆ 10 ಕೋಟಿ ವೋಲ್ಟ್, ಎಳೆತ ಸುಮಾರು 44,000 ಪಾಸ್ಕಲ್. ನಮ್ಮ ತಲೆಯ ಮೇಲಿನ ವಾಯುಭಾರದ ಅರ್ಧಕ್ಕೆ ಹತ್ತಿರದ ಒತ್ತಡವದು. ಅದೇ ಕಣ ಬರೀ 5 ವೋಲ್ಟ್‌ನಲ್ಲಿದ್ದರೆ ಎಳೆತ ಒಂದು ಪಾಸ್ಕಲ್‌ನ ಆಸುಪಾಸು. ಗ್ರಹಗಳ ನಡುವೆ ಸಾವಿರಾರು ವರ್ಷ ಸುರಕ್ಷಿತವಾಗಿ ಸುತ್ತಿದ ಕಣಕ್ಕೆ ಭೂಮಿಯ ನೆರೆಯಲ್ಲಿ ಆಪತ್ತು ಬರುವುದು ಈ ವ್ಯತ್ಯಾಸದಿಂದ.

ಸಂದೇಹಜೀವಿ:

ಮೇಷ್ಟ್ರ ಲೆಕ್ಕ ಸರಿಯಾಗಿದೆ. ಆದರೆ ಅದು ಕಣ 1,000 ವೋಲ್ಟ್‌ಗೆ ತಲುಪಿದ ಮೇಲಿನ ಕಥೆ. ಅಲ್ಲಿಗೆ ತಲುಪಲು ಅದಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನೂ ನೋಡಬೇಕಲ್ಲವೇ?

ಧ್ರುವಪ್ರಭೆಯ ಪ್ರದೇಶದಲ್ಲಿ ಎಲೆಕ್ಟ್ರಾನುಗಳ ಹರಿವು ಪ್ರತಿ ಚದರ ಮೀಟರಿಗೆ 10 ಮೈಕ್ರೋಆಂಪಿಯರ್ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. 10 ಮೈಕ್ರಾನ್ ತ್ರಿಜ್ಯದ ಕಣ ಆ ಹರಿವಿಗೆ ಒಡ್ಡುವ ಅಡ್ಡಗೊಯ್ತದ ವಿಸ್ತೀರ್ಣ ಅತ್ಯಲ್ಪ. 1,000 ವೋಲ್ಟ್‌ಗೆ ಬೇಕಾದ ಆವೇಶವನ್ನು ಕೂಡಿಸಿಕೊಳ್ಳಲು ಅದಕ್ಕೆ ಆರು ನಿಮಿಷದಷ್ಟು ಬೇಕಾಗುತ್ತದೆ. ಸೆಕೆಂಡಿಗೆ 15 ಕಿ.ಮೀ. ವೇಗದಲ್ಲಿ ಬರುವ ಕಣ ಅಷ್ಟರಲ್ಲಿ ಐದು ಸಾವಿರ ಕಿ.ಮೀ. ದಾಟಿರುತ್ತದೆ. ಧ್ರುವಪ್ರಭೆಯ ತೀವ್ರ ಪಟ್ಟಿಗಳು ಅಷ್ಟು ದಪ್ಪವಾಗಿರುವುದಿಲ್ಲ. ದೊಡ್ಡ ಕಣ ಬೇಗ ಆವೇಶ ಪಡೆಯುತ್ತದೆ, ನಿಜ: 100 ಮೈಕ್ರಾನ್ ತ್ರಿಜ್ಯದ ಕಣಕ್ಕೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಆದರೆ ಅದರ ಮೇಲಿನ ಎಳೆತ 440 ಪಾಸ್ಕಲ್‌ಗೆ ಇಳಿದಿರುತ್ತದೆ. ಬೇಗ ಆವೇಶಗೊಳ್ಳುವುದಕ್ಕೆ ಎಳೆತ ಸಾಲದು, ಎಳೆತ ಸಾಕಾಗುವುದಕ್ಕೆ ಹೊತ್ತು ಸಾಲದು.

ಇನ್ನೊಂದು ತೊಡಕು ಸೂರ್ಯನ ಬೆಳಕು. ಬೆಳಕಿನಲ್ಲಿರುವ ಕಣದಿಂದ ಹೊರಬೀಳುವ ಎಲೆಕ್ಟ್ರಾನುಗಳ ಪ್ರವಾಹವೂ ಇದೇ ಪ್ರಮಾಣದ್ದು. ಅದು ಬರುವ ಎಲೆಕ್ಟ್ರಾನುಗಳ ಲೆಕ್ಕವನ್ನು ಅಲ್ಲಲ್ಲೇ ಚುಕ್ತಾ ಮಾಡಿಬಿಡುತ್ತದೆ. ಹಾಗಿರುವಾಗ ಕಣವು ಸಾವಿರ ವೋಲ್ಟ್‌ಗೆ ಏರುವುದಾದರೂ ಹೇಗೆ?

ಧ್ರುವಪ್ರಭೆ:

ನಾನು ಬಾಹ್ಯಾಕಾಶ ಪ್ಲಾಸ್ಮಾದ, ಅಂದರೆ ಎಲೆಕ್ಟ್ರಾನು ಮತ್ತು ಅಯಾನುಗಳಾಗಿ ಬೇರ್ಪಟ್ಟ ಅನಿಲದ, ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಸಂದೇಹಜೀವಿಯವರ ಎರಡೂ ಆಕ್ಷೇಪಗಳು ನ್ಯಾಯವಾದವು. ಧ್ರುವಪ್ರಭೆಯ ಪಟ್ಟಿಯನ್ನಷ್ಟೇ ಗಮನಿಸಿದರೆ ವಾದ ಬಹುಮಟ್ಟಿಗೆ ಕುಸಿಯುತ್ತದೆ. ಆದರೆ ಬಿಸಿ ಎಲೆಕ್ಟ್ರಾನುಗಳಿರುವ ಜಾಗ ಅದೊಂದೇ ಅಲ್ಲ. ಭೂಮಿಯ ರಾತ್ರಿಯ ಮಗ್ಗುಲಲ್ಲಿ, ಹಲವು ಭೂತ್ರಿಜ್ಯಗಳ ದೂರದಿಂದ ಆಚೆಗೆ, ಪ್ಲಾಸ್ಮಾ ಹಾಳೆ ಎಂದು ಕರೆಯುವ ವಿಶಾಲ ಪ್ರದೇಶವಿದೆ. ಧ್ರುವಪ್ರಭೆಯ ಎಲೆಕ್ಟ್ರಾನುಗಳಿಗೆ ಒಂದು ಮುಖ್ಯ ಮೂಲವೂ ಅದೇ. ಅಲ್ಲಿ ಹರಿವು ಕಡಿಮೆಯಿರಬಹುದು, ಆದರೆ ಕಣಕ್ಕೆ ಸಿಗುವ ಸಮಯ ಹೆಚ್ಚು. ಹತ್ತು ಭೂತ್ರಿಜ್ಯಗಳ ದೂರವನ್ನು ಸೆಕೆಂಡಿಗೆ 15 ಕಿ.ಮೀ. ವೇಗದಲ್ಲಿ ಕ್ರಮಿಸಲು ಒಂದು ಗಂಟೆಗೂ ಮೇಲೆ ಬೇಕು.

ಇದು ಕಾಗದದ ಮೇಲಿನ ಊಹೆ ಮಾತ್ರವಲ್ಲ. 1970ರ ದಶಕದಲ್ಲಿ ಭೂಸ್ಥಿರ ಕಕ್ಷೆಯಲ್ಲಿದ್ದ ನಾಸಾದ ಎಟಿಎಸ್ ಸರಣಿಯ ಉಪಗ್ರಹಗಳು ಭೂಮಿಯ ನೆರಳಿಗೆ ಹೋದಾಗ ಸಾವಿರಾರು ವೋಲ್ಟ್ ಋಣಾವೇಶ ಪಡೆದದ್ದನ್ನು ಅಳೆಯಲಾಗಿದೆ. ಎಟಿಎಸ್-6ರಲ್ಲಿ ಅದು 19,000 ವೋಲ್ಟ್ ಮುಟ್ಟಿತ್ತು. ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವ ಎಂಜಿನಿಯರುಗಳಿಗೆ ಇದು ದಿನನಿತ್ಯದ ತಲೆನೋವು. ಹೊರಮೈ ಹೊದಿಕೆಯ ಭಾಗಗಳನ್ನೆಲ್ಲ ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿಡುವುದು ಇದೇ ಕಾರಣಕ್ಕೆ. ಉಪಗ್ರಹಕ್ಕೆ ಆಗುವುದು ಧೂಳಿನ ಕಣಕ್ಕೂ ಆಗುತ್ತದೆ. ಆದರೆ ಸಂದೇಹಜೀವಿಯವರು ಹೇಳಿದ ಷರತ್ತು ಇಲ್ಲಿಯೂ ಉಳಿಯುತ್ತದೆ: ದೊಡ್ಡ ವಿಭವಗಳು ಕಂಡದ್ದು ಹೆಚ್ಚಾಗಿ ನೆರಳಿನಲ್ಲಿ. ಆದ್ದರಿಂದ ಈ ಬಗೆಯ ಒಡೆತವನ್ನು ರಾತ್ರಿಯ ಮಗ್ಗುಲಿನಿಂದ, ನೆರಳಿನ ಮೂಲಕ ಬರುವ ಕಣಗಳಿಗೆ ಸೀಮಿತಗೊಳಿಸುವುದು ಉಚಿತವೆಂದು ನನ್ನ ಅಭಿಪ್ರಾಯ.

ಒಂದು ಮಾತು ಸೇರಿಸಬೇಕು. ಒಡೆತ ಸರಪಳಿಯಂತೆ ಮುಂದುವರಿಯುತ್ತದೆ ಎಂದು ಹಲವು ಕಡೆ ಬರೆದಿರುತ್ತಾರೆ, ಅದು ಷರತ್ತಿಗೆ ಒಳಪಟ್ಟದ್ದು. ಕಣ ಎರಡು ಸಮಭಾಗವಾದ ಕೂಡಲೇ ಆವೇಶವೂ ಹಂಚಿಹೋಗುವುದರಿಂದ ಪ್ರತಿ ಚೂರಿನ ಮೇಲಿನ ಎಳೆತ ಮೂರನೇ ಒಂದಕ್ಕಿಂತ ಹೆಚ್ಚು ಇಳಿಯುತ್ತದೆ. ಚೂರುಗಳು ಮತ್ತೆ ಮೊದಲಿನ ವಿಭವಕ್ಕೆ ಏರಿದರೆ ಮಾತ್ರ ತ್ರಿಜ್ಯ ಕಡಿಮೆಯಾದಷ್ಟೂ ಎಳೆತ ಹೆಚ್ಚಿ, ಮುಂದಿನ ಒಡೆತ ನಡೆಯುತ್ತದೆ. ಆ ಸರಪಳಿಗೂ ಒಂದು ಕೊನೆಯಿದೆ. ಕ್ಷೇತ್ರ ಮೀಟರಿಗೆ 100 ಕೋಟಿ ವೋಲ್ಟ್‌ಗೆ ಸಮೀಪಿಸಿದಾಗ ಋಣಾವೇಶದ ಕಣದಿಂದ ಎಲೆಕ್ಟ್ರಾನುಗಳು ತಾವಾಗಿಯೇ ಸೋರತೊಡಗುತ್ತವೆ. ಅಲ್ಲಿಯ ಎಳೆತ 44 ಲಕ್ಷ ಪಾಸ್ಕಲ್. ಗಟ್ಟಿಯಾದ ಖನಿಜದ ಹರಳನ್ನು ಒಡೆಯಲು ಅದು ಸಾಲದು. ಸಡಿಲವಾಗಿ ಅಂಟಿಕೊಂಡ ಹರಳುಗಳು ಬಿಡಿಯಾಗುತ್ತವೆ, ಬಿಡಿ ಹರಳು ಉಳಿಯುತ್ತದೆ.

ಕೆಂಗೇರಿ ಕಿರಿಯ:

ನಾನು ಬಿಎಸ್ಸಿ ವಿದ್ಯಾರ್ಥಿ. ಮೇಡಂ, ಧೂಳಿನ ಕಣ ಎಷ್ಟು ಎಳೆತವನ್ನು ತಾಳುತ್ತದೆ ಎಂಬುದನ್ನು ಯಾರಾದರೂ ಅಳೆದಿದ್ದಾರೆಯೇ? ಆ ಸಂಖ್ಯೆ ಗೊತ್ತಿಲ್ಲದಿದ್ದರೆ 440 ಪಾಸ್ಕಲ್ ಸಾಕೋ ಸಾಲದೋ ಎಂದು ಹೇಳುವುದು ಹೇಗೆ?

ಧ್ರುವಪ್ರಭೆ:

ಇಡೀ ಚರ್ಚೆ ನಿಂತಿರುವುದೇ ಆ ಸಂಖ್ಯೆಯ ಮೇಲೆ. 2014ರಿಂದ 2016ರವರೆಗೆ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಜೊತೆಯಲ್ಲೇ ಸಾಗಿತು. ಅದರಲ್ಲಿದ್ದ ಕೋಸಿಮಾ ಉಪಕರಣದ ಲೋಹದ ಫಲಕಗಳ ಮೇಲೆ ಬಂದು ಕೂತ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಯಿತು. ಅವು ಬಂದ ವೇಗ ಸೆಕೆಂಡಿಗೆ ಕೆಲವೇ ಮೀಟರ್, ಮನುಷ್ಯ ಓಡುವ ವೇಗ. ಅಷ್ಟಕ್ಕೇ ಅನೇಕ ಕಣಗಳು ಪಾಕ ಸರಿಯಾಗಿ ಬಾರದ ರವೆಉಂಡೆಯಂತೆ ಉದುರಿ, ಫಲಕದ ಮೇಲೆ ಚಿಕ್ಕ ಚಿಕ್ಕ ಗುಪ್ಪೆಗಳಾಗಿ ಹರಡಿದ್ದವು. ಅವು ಒಡೆದ ರೀತಿಯಿಂದ ಲೆಕ್ಕ ಹಾಕಿದಾಗ ಬಂದ ಬಲ ಕೆಲವು ಸಾವಿರ ಪಾಸ್ಕಲ್. ಮೇಷ್ಟ್ರ 44,000 ಪಾಸ್ಕಲ್ ಇದನ್ನು ಸುಲಭವಾಗಿ ಮೀರುತ್ತದೆ. ಸಂದೇಹಜೀವಿಯವರ 440 ಪಾಸ್ಕಲ್ ಮೀರುವುದಿಲ್ಲ.

ಆದರೆ ಅದೇ ನೌಕೆಯ ಗಿಯಾಡಾ ಎಂಬ ಮತ್ತೊಂದು ಉಪಕರಣ ಕಂಡದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾಗಿದೆ. ಅದರ ಬೆಳಕಿನ ಪರದೆಯನ್ನು ಕಣಗಳು ಬಿಡಿಬಿಡಿಯಾಗಿ ದಾಟುತ್ತಿದ್ದವು. ನಡುನಡುವೆ ಕೆಲವು ಸೆಕೆಂಡುಗಳ ಅವಧಿಯಲ್ಲಿ ಹತ್ತಾರು ಕಣಗಳು ಸುರಿದಂತೆ ಬರುತ್ತಿದ್ದವು. ನೌಕೆಯ ಸ್ವಂತ ಋಣಾವೇಶದ ಪ್ರಭಾವಕ್ಕೆ ಸಿಕ್ಕಿ, ನೌಕೆಯ ಬಳಿಗೆ ಬಂದ ಮೇಲೆ ಒಡೆದ ಕಣಗಳ ಸುರಿಮಳೆ ಅದು ಎಂದು 2015ರಲ್ಲಿ ತೀರ್ಮಾನಿಸಲಾಯಿತು. ನೌಕೆಯ ವಿಭವ ಸಾವಿರ ವೋಲ್ಟ್ ಏನೂ ಆಗಿರಲಿಲ್ಲ, ಹತ್ತರ ಆಸುಪಾಸಿನದು. ಒಡೆದ ಮೂಲಕಣಗಳು ಮಿಲಿಮೀಟರ್ ಗಾತ್ರದವು, ಅವುಗಳ ಸಾಂದ್ರತೆ ಘನ ಮೀಟರಿಗೆ ಒಂದು ಕಿಲೋಗ್ರಾಂಗಿಂತ ಕಡಿಮೆ. ನಾವು ಉಸಿರಾಡುವ ಗಾಳಿಗಿಂತಲೂ ಹಗುರ!

ಸಂದೇಹಜೀವಿ:

ರೊಸೆಟ್ಟಾದ ಸಂಗತಿ ನಿಜಕ್ಕೂ ಬಲವಾದ ಸಾಕ್ಷ್ಯ. ಆವೇಶದಿಂದ ಒಡೆತ ಸಾಧ್ಯವೆಂಬುದನ್ನು ನಾನು ಒಪ್ಪುತ್ತೇನೆ. ಹಿಯೋಸ್-2ರ ಹಿಂಡುಗಳಿಗೆ ಅದೇ ಕಾರಣ ಎಂಬುದನ್ನು ಒಪ್ಪುವುದು ಕಷ್ಟ. ಕಾರಣವನ್ನು ಲೆಕ್ಕದಲ್ಲೇ ಹೇಳುತ್ತೇನೆ.

ಉಪಕರಣದ ತಟ್ಟೆ ಅಂಗೈಯಗಲದ್ದು, ಅಂದರೆ 100 ಚದರ ಸೆಂ.ಮೀ. ಎಂದಿಟ್ಟುಕೊಳ್ಳಿ. ಒಡೆದ ಕಣದ ಚೂರುಗಳು ಪರಸ್ಪರ ವಿಕರ್ಷಣೆಯಿಂದ ಚದುರುತ್ತವೆ. 1,000 ವೋಲ್ಟ್‌ನ 10 ಮೈಕ್ರಾನ್ ಕಣದಲ್ಲಿ ಕೂಡಿಟ್ಟ ವಿದ್ಯುತ್ ಚೈತನ್ಯವೆಲ್ಲ ಚಲನೆಗೆ ಹೋದರೆ ಚೂರುಗಳ ವೇಗ ಸೆಕೆಂಡಿಗೆ 16 ಮೀಟರ್‌ನಷ್ಟಾಗುತ್ತದೆ, ಒಂದು ಗಂಟೆಯಲ್ಲಿ ಅವು ಸುಮಾರು 58 ಕಿ.ಮೀ. ಹರಡಿಕೊಂಡಿರುತ್ತವೆ. ನಾನು ಅಷ್ಟು ಕಠಿಣನಾಗುವುದಿಲ್ಲ. ಹಿಂಡು ಬರೀ ಒಂದು ಕಿ.ಮೀ. ತ್ರಿಜ್ಯಕ್ಕೆ ಹರಡಿದೆ ಎಂದುಕೊಂಡರೂ, ತಟ್ಟೆಗೆ ಒಂದು ಹೊಡೆತ ಬೀಳಬೇಕಾದರೆ ಆ ಹಿಂಡಿನಲ್ಲಿ 30 ಕೋಟಿ ಚೂರುಗಳಿರಬೇಕು. ಹತ್ತು ಹೊಡೆತಕ್ಕೆ 300 ಕೋಟಿ. ಪ್ರತಿ ಚೂರು ಒಂದು ಮೈಕ್ರಾನ್ ಅಗಲದ್ದಾದರೂ ಮೂಲಕಣದ ತೂಕ ಮೂರು ಮಿಲಿಗ್ರಾಂ, ಅಗಲ ಒಂದೆರಡು ಮಿಲಿಮೀಟರ್ ಆಗಬೇಕು. ಒಂದು ಮಿ.ಮೀ. ತ್ರಿಜ್ಯದ ಕಣದ ಮೇಲೆ 1,000 ವೋಲ್ಟ್ ಹಾಕುವ ಎಳೆತವಾದರೋ ನಾಲ್ಕೂವರೆ ಪಾಸ್ಕಲ್‌ಗಿಂತ ಕಡಿಮೆ. ಹಿಂಡು ಕಾಣಬೇಕಾದರೆ ಮೂಲಕಣ ದೊಡ್ಡದಿರಬೇಕು. ದೊಡ್ಡದಿದ್ದರೆ ಅದು ಒಡೆಯುವುದಿಲ್ಲ.

ಹಿಂಡು ಹಿಂಡಾದ ಹೊಡೆತಗಳಿಗೆ ಬೇರೆ ಮೂಲಗಳೂ ಉಂಟು. 1984ರಲ್ಲಿ ಬಾಹ್ಯಾಕಾಶದಲ್ಲಿ ಬಿಟ್ಟು 1990ರ ಜನವರಿಯಲ್ಲಿ ಮರಳಿ ತಂದ ನಾಸಾದ ಎಲ್‌ಡಿಇಎಫ್ ಉಪಗ್ರಹದ ಮೇಲೂ ಹೊಡೆತಗಳು ಗುಂಪುಗೂಡಿ ಬಿದ್ದಿದ್ದವು, ಅವುಗಳಲ್ಲಿ ಬಹುಪಾಲು ಮನುಷ್ಯನೇ ಹರಡಿದ ಕಸದ ಮೋಡಗಳು ಎಂದು ಗೊತ್ತಾಯಿತು. 1972ರಲ್ಲಿ ಆ ಕಸ ಕಡಿಮೆಯಿತ್ತು ಎಂಬುದನ್ನು ಅಲ್ಲಗಳೆಯುವುದಿಲ್ಲ.

ಪೀಣ್ಯ ಲೇತು:

ಕೋಟಿಗಳ ಲೆಕ್ಕದ ನಡುವೆ ಒಂದು ಸಣ್ಣ ಪ್ರಶ್ನೆ. ನಮ್ಮ ಮನೆಯ ತಾರಸಿಯಲ್ಲಿ ಮಳೆನೀರು ಕೊಯ್ಲಿನ ಫಿಲ್ಟರಿಗೆ ಬಂದು ಸೇರುವ ಮಣ್ಣನ್ನು ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಯಸ್ಕಾಂತದಿಂದ ಎಳೆದರೆ ಕಪ್ಪು ಗುಂಡುಗಳು ಸಿಗುತ್ತವೆ. ಮಗಳ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ಅಚ್ಚುಕಟ್ಟಾದ ಗೋಲಿಗಳು. ನಾರ್ವೆಯ ಯಾನ್ ಲಾರ್ಸೆನ್ ಅವರು ನಗರಗಳ ಛಾವಣಿಗಳ ಮೇಲೆ ವಿಶ್ವಧೂಳನ್ನು ಹುಡುಕಿ ಗುರುತಿಸಿದ್ದನ್ನು ಓದಿದ್ದೆ. ಒಡೆದುಹೋದ ಚೂರುಗಳು ನಮ್ಮ ತಾರಸಿಗೂ ಬಂದಿರಬಹುದೇ?

ಮಲ್ಲೇಶ್ವರದ ಮೇಷ್ಟ್ರು:

ತಾವು ಇರುವುದು ಪೀಣ್ಯದಲ್ಲಿ. ಸುತ್ತಲೂ ಗ್ರೈಂಡಿಂಗ್ ಮತ್ತು ವೆಲ್ಡಿಂಗ್ ಶೆಡ್ಡುಗಳು. ಗ್ರೈಂಡಿಂಗ್ ಚಕ್ರದಿಂದ ಹಾರುವ ಪ್ರತಿ ಕಿಡಿಯೂ ಕರಗಿದ ಕಬ್ಬಿಣದ ಹನಿಯೇ, ಆರಿದಾಗ ಗೋಲಿಯಾಗುತ್ತದೆ. ದೀಪಾವಳಿಯ ಪಟಾಕಿಯಿಂದಲೂ ಅಂಥವು ಬೀಳುತ್ತವೆ. ಹೊಳೆಹೊಳೆಯುವ ನುಣುಪು ಗೋಲಿಗಳು, ಒಳಗೆ ಟೊಳ್ಳಾದವು, ಬಾಲವುಳ್ಳವು ಬಹುಪಾಲು ತಮ್ಮ ಕೈಗಾರಿಕಾ ಪ್ರದೇಶದ ಕೊಡುಗೆಯೇ. ಆಕಾಶದಿಂದ ಬಂದದ್ದರ ಮೈಮೇಲೆ ಕವಲೊಡೆದ ಹರಳುಗಳ ಅಥವಾ ಸಾಲು ಗೀರುಗಳ ವಿನ್ಯಾಸ ಇರುತ್ತದೆ, ಕೆಲವದರಲ್ಲಿ ಒಂದು ಬದಿಗೆ ನಿಕ್ಕಲ್ ಮಿಶ್ರಿತ ಕಬ್ಬಿಣದ ಮಣಿ ಉಬ್ಬಿಕೊಂಡಿರುತ್ತದೆ. ಖಚಿತಪಡಿಸಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮತ್ತು ರಾಸಾಯನಿಕ ವಿಶ್ಲೇಷಣೆ ಬೇಕು.

ಆದರೆ ಗೋಲಿ ನಿಜವಾಗಿ ಆಕಾಶದ್ದೇ ಆಗಿದ್ದರೂ ಒಡೆತದ ಬಗ್ಗೆ ಅದು ಏನನ್ನೂ ಹೇಳದು. ಗುಂಡಗಾಗಿದೆ ಎಂದರೆ ಕರಗಿದೆ ಎಂದರ್ಥ, ಕರಗಿದ ಕಣದಲ್ಲಿ ಹಳೆಯ ರಚನೆ ಅಳಿಸಿಹೋಗಿರುತ್ತದೆ. ಕರಗದ ಚೂರುಗಳನ್ನು ನಗರದ ಧೂಳಿನಲ್ಲಿ ಹುಡುಕುವುದು ಅಸಾಧ್ಯವೇ ಸರಿ. ಅದಕ್ಕೇ ಅಂಟಾರ್ಕ್ಟಿಕಾದ ಶುಭ್ರ ಹಿಮವನ್ನು ಕರಗಿಸಿ ಸೋಸುತ್ತಾರೆ. ಕಾಂಕಾರ್ಡಿಯಾ ನೆಲೆಯ ಬಳಿ ಸಂಗ್ರಹಿಸಿದ ಕಣಗಳ ಆಧಾರದಲ್ಲಿ 2021ರಲ್ಲಿ ಪ್ರಕಟವಾದ ಅಂದಾಜಿನಂತೆ, ವರ್ಷಕ್ಕೆ ಭೂಮಿಯ ನೆಲ ಮುಟ್ಟುವ ಸೂಕ್ಷ್ಮ ಉಲ್ಕಾಶಿಲೆಗಳ ಒಟ್ಟು ತೂಕ ಸುಮಾರು 5,200 ಟನ್.

ಇನ್ನು ಗಾಳಿಯಿಂದಾಗುವ ಒಡೆತವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಹೋಲಿಕೆಗೆ ಬೇಕಾಗುತ್ತದೆ. ಮುನ್ನುಗ್ಗುವ ಕಣದ ಎದುರಿಗೆ ಬೀಳುವ ಒತ್ತಡ, ಗಾಳಿಯ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಸೆಕೆಂಡಿಗೆ 20 ಕಿ.ಮೀ. ವೇಗದ ಕಣಕ್ಕೆ 100 ಕಿ.ಮೀ. ಎತ್ತರದಲ್ಲಿ ಅದು ಸುಮಾರು 200 ಪಾಸ್ಕಲ್, 90 ಕಿ.ಮೀ.ಗೆ ಇಳಿದಾಗ ಸಾವಿರವನ್ನು ದಾಟುತ್ತದೆ, 80 ಕಿ.ಮೀ.ಯಲ್ಲಿ ಏಳು ಸಾವಿರದಷ್ಟಾಗುತ್ತದೆ. ಲಿಯೋನಿಡ್ ಉಲ್ಕೆಗಳಂತೆ ಸೆಕೆಂಡಿಗೆ 71 ಕಿ.ಮೀ. ವೇಗದಲ್ಲಿ ಬಂದರೆ 100 ಕಿ.ಮೀ. ಎತ್ತರದಲ್ಲೇ ಎರಡೂವರೆ ಸಾವಿರ. ಮೇಡಂ ಹೇಳಿದ ಕೋಸಿಮಾ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದರೆ, ಧೂಮಕೇತುವಿನ ಕಣಗಳು 80ರಿಂದ 100 ಕಿ.ಮೀ. ಎತ್ತರದಲ್ಲಿ ಒಡೆಯುವುದು ಏಕೆಂದು ಸ್ಪಷ್ಟವಾಗುತ್ತದೆ. ಜಿಯಾಕೊಬಿನಿ-ಜಿನ್ನರ್ ಧೂಮಕೇತುವಿನ ಡ್ರಾಕೊನಿಡ್ ಉಲ್ಕೆಗಳು ಬಹಳ ಬೇಗ ಪುಡಿಯಾಗುತ್ತವೆ. ಫೇಥಾನ್ ಎಂಬ ಕಲ್ಲುಕಾಯದಿಂದ ಬಂದ ಜೆಮಿನಿಡ್‌ಗಳು ಗಟ್ಟಿ, ಅವು ಇನ್ನೂ ಕೆಳಗೆ ಇಳಿಯುತ್ತವೆ. ಡಿಸೆಂಬರಿನಲ್ಲಿ ನಗರದ ದೀಪಗಳಿಂದ ದೂರ ಹೋಗಿ ಜೆಮಿನಿಡ್ ನೋಡಿದವರಿಗೆ ಅವುಗಳ ಗಟ್ಟಿತನದ ಅನುಭವ ಇದ್ದೇ ಇರುತ್ತದೆ.

ಸಂದೇಹಜೀವಿ:

ಮೇಷ್ಟ್ರು ಕೊಟ್ಟ ಸಂಖ್ಯೆಗಳು ನನ್ನ ಇನ್ನೊಂದು ವಾದಕ್ಕೆ ದಾರಿ ಮಾಡಿಕೊಟ್ಟವು. 1970ರ ದಶಕದಿಂದ ಡೊನಾಲ್ಡ್ ಬ್ರೌನ್ಲೀ ಮತ್ತು ಅವರ ನಂತರ ನಾಸಾದವರು, ಸುಮಾರು 20 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಗಳಿಗೆ ಸಿಲಿಕೋನ್ ಎಣ್ಣೆ ಸವರಿದ ಫಲಕಗಳನ್ನು ಕಟ್ಟಿ ವಿಶ್ವಧೂಳನ್ನು ಹಿಡಿಯುತ್ತಿದ್ದಾರೆ. ಆ ಫಲಕಗಳ ಮೇಲೆ ಕೆಲವು ಕಣಗಳು ಒಂದೇ ಕಡೆ ಹತ್ತಾರು ಚೂರುಗಳ ಗುಪ್ಪೆಯಾಗಿ ಸಿಗುತ್ತವೆ. ವಿಮಾನದ ವೇಗದಲ್ಲಿ ಫಲಕಕ್ಕೆ ಬಡಿದಾಗ ಒಡೆದ, ಮೂಲದಲ್ಲಿ 50 ಮೈಕ್ರಾನ್‌ಗೂ ದೊಡ್ಡದಾಗಿದ್ದ ಸಡಿಲ ಕಣಗಳವು.

ಅವು ಫಲಕಕ್ಕೆ ಬಡಿಯುವವರೆಗೂ ಇಡಿಯಾಗಿಯೇ ಇದ್ದವು ಎಂಬುದನ್ನು ಗಮನಿಸಿ. ಕಾಂತಗೋಳವನ್ನು ದಾಟಿದವು, ಗಾಳಿಯನ್ನು ದಾಟಿದವು, 20 ಕಿ.ಮೀ.ವರೆಗೆ ಇಳಿದವು. ಭೂಮಿಯ ನೆರೆಯ ವಿದ್ಯುದಾವೇಶವು ಸಡಿಲ ಕಣಗಳನ್ನೆಲ್ಲ ಬಿಡಿಸುವುದಾಗಿದ್ದರೆ ಇವು ಉಳಿಯಬಾರದಿತ್ತು.

ಧ್ರುವಪ್ರಭೆ:

ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಆಕ್ಷೇಪ ಇದು ಎಂದು ನಾನು ಭಾವಿಸುತ್ತೇನೆ. ಗಾಳಿಯನ್ನು ಅವು ಹೇಗೆ ದಾಟಿದವು ಎಂಬುದಕ್ಕೆ ಉತ್ತರ ಸುಲಭ. ಹತ್ತಿಪ್ಪತ್ತು ಮೈಕ್ರಾನಿನ ಹಗುರ ಕಣ 90 ಕಿ.ಮೀ. ಆಸುಪಾಸಿನಲ್ಲೇ ವೇಗ ಕಳೆದುಕೊಳ್ಳುವುದರಿಂದ, ಅದು ಎದುರಿಸುವ ಒತ್ತಡ ಹೆಚ್ಚೆಂದರೆ ಸಾವಿರ ಪಾಸ್ಕಲ್‌ನ ಸುತ್ತಮುತ್ತ. ಮೈಯ ವಿಸ್ತೀರ್ಣಕ್ಕೆ ಹೋಲಿಸಿದರೆ ತೂಕ ಕಡಿಮೆಯಾದ್ದರಿಂದ ಶಾಖವನ್ನೂ ಬೇಗ ಹೊರಸೂಸುತ್ತದೆ. ಇದನ್ನು ಫ್ರೆಡ್ ವಿಪಲ್ 1950ರಲ್ಲೇ ವಿವರಿಸಿದ್ದರು.

ಕಾಂತಗೋಳವನ್ನು ದಾಟಿದ್ದರ ಬಗ್ಗೆ ನನ್ನ ನಿಲುವು ಹೀಗಿದೆ. ಎಲ್ಲ ಕಣಗಳೂ ನೆರಳಿನ ಮೂಲಕ, ಪ್ಲಾಸ್ಮಾ ಹಾಳೆಯ ಮೂಲಕ, ಭೂಮಿಯ ಕಾಂತಕ್ಷೇತ್ರ ಕಲಕಿದ ಹೊತ್ತಿನಲ್ಲಿ ಬರುವುದಿಲ್ಲ. ಹಗಲಿನ ಮಗ್ಗುಲಿನಿಂದ ಬಂದ ಕಣದ ಆವೇಶ ಕೆಲವೇ ವೋಲ್ಟ್ ಧನವಾಗಿಯೇ ಇರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಆದ್ದರಿಂದ ವಿಮಾನಕ್ಕೆ ಸಿಕ್ಕ ಇಡೀ ಕಣಗಳು ವಿದ್ಯುತ್ ಒಡೆತವನ್ನು ಸುಳ್ಳೆನ್ನುವುದಿಲ್ಲ, ಅದು ಸಾರ್ವತ್ರಿಕವಲ್ಲ ಎಂದಷ್ಟೇ ಹೇಳುತ್ತವೆ.

ಮಿಲಿಮೀಟರ್ ಗಾತ್ರದ ಮೂಲಕಣದ ತೊಡಕಿಗೂ ಒಂದು ಮಾತು. ತಮ್ಮ ನಾಲ್ಕೂವರೆ ಪಾಸ್ಕಲ್ ಎಂಬುದು ನುಣುಪಾದ ಗೋಳದ ಲೆಕ್ಕ. ಗಿಯಾಡಾ ಕಂಡ ಕಣಗಳು ಗೋಳಗಳಲ್ಲ. ಮೈಕ್ರಾನಿಗಿಂತ ಚಿಕ್ಕ ಹರಳುಗಳು ಕವಲುಕವಲಾಗಿ ಅಂಟಿಕೊಂಡ ಜಾಲಗಳು. ಅಲ್ಲಿ ಆವೇಶ ಕವಲುಗಳ ತುದಿಗಳಲ್ಲಿ ಸೇರುತ್ತದೆ, ತುದಿಯ ಕ್ಷೇತ್ರವನ್ನು ನಿರ್ಧರಿಸುವುದು ಆ ಪುಟ್ಟ ಹರಳಿನ ವಕ್ರತೆ, ಇಡೀ ಕಣದ ಗಾತ್ರವಲ್ಲ. ಆದ್ದರಿಂದಲೇ ಹತ್ತಾರು ವೋಲ್ಟ್‌ಗೇ ಅವು ಬಿಚ್ಚಿಕೊಂಡವು.

ಬಸವನಗುಡಿ ಬಾನಾಡಿ:

ಹಾಗಾದರೆ ಅಂಥ ಜಾಲದಂಥ ಕಣಗಳು ಧೂಮಕೇತುವನ್ನು ಬಿಟ್ಟು ಭೂಮಿಯವರೆಗೆ ಉಳಿದು ಬರುತ್ತವೆಯೇ? ದಾರಿಯಲ್ಲೇ ಬೇರೆ ಕಾರಣಗಳಿಂದ ಒಡೆಯಬಹುದಲ್ಲ?

ಧ್ರುವಪ್ರಭೆ:

ಒಡೆಯಬಹುದು. ಸೂರ್ಯನ ಬೆಳಕಿನ ಒತ್ತಡ ಓರೆಕೋರೆಯಾದ ಕಣವನ್ನು ಗಿರಕಿ ಹೊಡೆಸುತ್ತಾ, ವೇಗ ಏರಿಸುತ್ತಾ, ಕೊನೆಗೆ ಅದನ್ನು ಸಿಡಿಸಬಲ್ಲದು ಎಂದು ಪ್ಯಾಡಕ್ 1969ರಲ್ಲೇ ತೋರಿಸಿದ್ದರು. ಕಣಗಳು ಪರಸ್ಪರ ಡಿಕ್ಕಿ ಹೊಡೆಯುವುದೂ ಉಂಟು. 2016ರ ಸೆಪ್ಟೆಂಬರ್ 9ರಂದು ಮಧ್ಯ ಯುರೋಪಿನ ಕ್ಯಾಮೆರಾಗಳು ಎರಡು ಸೆಕೆಂಡುಗಳೊಳಗೆ ಒಂದು ಪ್ರಖರ ಉಲ್ಕೆಯನ್ನೂ ಅದರ ಜೊತೆಯ ಎಂಟು ಮಂಕು ಉಲ್ಕೆಗಳನ್ನೂ ಸೆರೆಹಿಡಿದವು. ಅವುಗಳ ಪಥಗಳನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ, ಒಂದೇ ಕಣ ಭೂಮಿಯನ್ನು ತಲುಪುವ ಕೆಲವು ದಿನಗಳ ಹಿಂದೆ ಒಡೆದಿತ್ತೆಂದು ತೋರಿತು. ಕಾಂತಗೋಳದೊಳಗೆ ಒಡೆಯಲು ಸಿಗುವ ಸಮಯ ಹೆಚ್ಚೆಂದರೆ ಒಂದೆರಡು ಗಂಟೆ. ಆದ್ದರಿಂದ ಭೂಮಿಯ ಬಳಿ ಗುಂಪಾಗಿ ಕಂಡದ್ದೆಲ್ಲ ಭೂಮಿಯ ಬಳಿಯೇ ಒಡೆದದ್ದು ಎಂದು ಹೇಳಲಾಗದು.

ಕೆಂಗೇರಿ ಕಿರಿಯ:

ಇಸ್ರೋ 2024ರ ಜನವರಿ 1ರಂದು ಹಾರಿಸಿದ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರ ಡೆಕ್ಸ್ ಎಂಬ ಧೂಳು ಪತ್ತೆ ಉಪಕರಣ ಇತ್ತಲ್ಲವೇ? ಸುಮಾರು ಸಾವಿರ ಸೆಕೆಂಡಿಗೊಮ್ಮೆ ಒಂದು ಹೊಡೆತ ದಾಖಲಾಯಿತು ಎಂದು ಓದಿದ್ದೇನೆ. ಅದರಿಂದ ಈ ಪ್ರಶ್ನೆ ತೀರ್ಮಾನವಾಗುವುದಿಲ್ಲವೇ?

ಸಂದೇಹಜೀವಿ:

ತೀರ್ಮಾನವಾಗುವುದಿಲ್ಲ, ತಮ್ಮಾ. ಡೆಕ್ಸ್ ಸುತ್ತಿದ್ದು 350 ಕಿ.ಮೀ. ಎತ್ತರದಲ್ಲಿ, ಭೂಮಧ್ಯರೇಖೆಗೆ ಸಮೀಪದ ಕಕ್ಷೆಯಲ್ಲಿ. ಧ್ರುವಪ್ರಭೆಯ ಪ್ರದೇಶವನ್ನೂ ಪ್ಲಾಸ್ಮಾ ಹಾಳೆಯನ್ನೂ ಅದು ಮುಟ್ಟುವುದೇ ಇಲ್ಲ. ಭಾರತದ್ದೇ ಉಪಕರಣ ವಿಶ್ವಧೂಳಿನ ಹೊಡೆತವನ್ನು ಹಿಡಿದದ್ದು ಸಂತೋಷದ ವಿಷಯ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ.

ಈ ಪ್ರಶ್ನೆಗೆ ಬೇಕಾದದ್ದು ಹೊಡೆತದ ಎಣಿಕೆಯೊಂದೇ ಅಲ್ಲ. ಕಣ ತಟ್ಟೆಗೆ ಬಡಿಯುವ ಮೊದಲು ಅದರ ಮೇಲೆ ಎಷ್ಟು ಆವೇಶವಿತ್ತು ಎಂಬುದು ಗೊತ್ತಾಗಬೇಕು. ಕ್ಯಾಸಿನಿಯ ಉಪಕರಣದಲ್ಲಿ ತಟ್ಟೆಯ ಮುಂದೆ ತಂತಿಜಾಲಗಳಿದ್ದವು. ಆವೇಶವುಳ್ಳ ಕಣ ಅವನ್ನು ಹಾಯುವಾಗ ಉಂಟಾದ ಮಿಡಿತದಿಂದ ಆವೇಶದ ಚಿಹ್ನೆಯೂ ಪ್ರಮಾಣವೂ ತಿಳಿಯುತ್ತಿತ್ತು. ಅಂಥ ಉಪಕರಣವನ್ನು ಹಿಯೋಸ್-2ರಂಥ ನೀಳ ಕಕ್ಷೆಯಲ್ಲಿ, ರಾತ್ರಿಯ ಮಗ್ಗುಲನ್ನು ಪದೇಪದೇ ದಾಟುವಂತೆ ಇಟ್ಟರೆ, ನೂರಾರು ವೋಲ್ಟ್ ಋಣಾವೇಶದ ಕಣಗಳು ನಿಜವಾಗಿ ಇವೆಯೇ ಎಂಬುದು ತಿಳಿಯುತ್ತದೆ. ಅವು ಹಿಂಡಿನಲ್ಲೇ ಹೆಚ್ಚಾಗಿ ಸಿಕ್ಕರೆ ನಾನು ಫೆಕ್ಟಿಗ್ ಅವರ ಪಕ್ಷಕ್ಕೆ ಸೇರುತ್ತೇನೆ.

ಮಲ್ಲೇಶ್ವರದ ಮೇಷ್ಟ್ರು:

ಒಂದೇ ತಟ್ಟೆ ಸಾಲದು ಎಂದು ನನಗೆ ತೋರುತ್ತದೆ. ಚೂರುಗಳು ಎಲ್ಲಿಂದ ಹರಡಿದವು ಎಂಬುದು ತಿಳಿಯಬೇಕಾದರೆ, ಕೆಲವು ಕಿ.ಮೀ. ಅಂತರದಲ್ಲಿ ಜೊತೆಜೊತೆಯಾಗಿ ಸಾಗುವ ಎರಡು ಅಥವಾ ಮೂರು ಸಣ್ಣ ಉಪಗ್ರಹಗಳು ಬೇಕು. ಒಂದೇ ಹಿಂಡು ಎಲ್ಲವನ್ನೂ ತಟ್ಟಿದರೆ ಅದರ ಹರವು ಗೊತ್ತಾಗುತ್ತದೆ. ಹರವನ್ನು ಸೆಕೆಂಡಿಗೆ 16 ಮೀಟರ್‌ನಂಥ ಚದುರುವ ವೇಗದಿಂದ ಭಾಗಿಸಿದರೆ ಒಡೆದ ಹೊತ್ತು ಸಿಗುತ್ತದೆ. ಒಡೆದು ಹತ್ತು ನಿಮಿಷವಾಗಿತ್ತೋ ಹತ್ತು ದಿನವಾಗಿತ್ತೋ ಎಂಬುದು ಅಷ್ಟರಿಂದಲೇ ಬೇರ್ಪಡುತ್ತದೆ. ತಟ್ಟೆಯ ವಿಸ್ತೀರ್ಣವನ್ನು ಮಾತ್ರ ಚದರ ಮೀಟರಿನ ಲೆಕ್ಕದಲ್ಲಿ ಇಡಬೇಕು. ಅಂಗೈಯಗಲದ ತಟ್ಟೆಗಿಂತ ಅದು ನೂರು ಪಟ್ಟು ಹೆಚ್ಚು ಹೊಡೆತ ಹಿಡಿಯುತ್ತದೆ, ಸಂದೇಹಜೀವಿಯವರ 30 ಕೋಟಿ ಚೂರುಗಳ ಅಗತ್ಯ 30 ಲಕ್ಷಕ್ಕೆ ಇಳಿಯುತ್ತದೆ. ಆಗ ಹತ್ತು ಹೊಡೆತಕ್ಕೆ ಮೂಲಕಣ ಮಿಲಿಮೀಟರ್ ಗಾತ್ರದ್ದಿರಬೇಕಾಗಿಲ್ಲ, ಅದರ ಐದನೇ ಒಂದು ಭಾಗ ಸಾಕು. ಎಳೆತವೂ ಇಪ್ಪತ್ತು ಪಟ್ಟಿಗಿಂತ ಹೆಚ್ಚಾಗಿ ನೂರು ಪಾಸ್ಕಲ್‌ನ ಸಮೀಪಕ್ಕೆ ಬರುತ್ತದೆ. ಕೋಸಿಮಾ ಕಂಡ ಕಣಗಳಿಗೆ ಅದು ಇನ್ನೂ ಸಾಲದು, ಗಿಯಾಡಾ ಕಂಡವಕ್ಕೆ ಧಾರಾಳವಾಗಿ ಸಾಕು.